ವಾಲ್ಪರೈಸೊ ಗುಡ್ಡದ ಮೇಲೆ ಒಂದು ತಿಂಗಳು

ವಾಲ್ಪರೈಸೊದಲ್ಲಿ ಬಾಡಿಗೆ ಮನೆ ಹುಡುಕುವವರು ಕಡಲು ಕಾಣುತ್ತದಾ ಅಂತ ಕೇಳಬೇಕಾಗಿಲ್ಲ. ಗುಡ್ಡದ ಮೇಲಿನ ಹೆಚ್ಚಿನ ಮನೆಗಳಿಂದ ಕಾಣುತ್ತದೆ. ಕೇಳಬೇಕಾದ್ದು ಎರಡೇ. ರಸ್ತೆಯಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು? ಕಿಟಕಿ ಯಾವ ದಿಕ್ಕಿಗಿದೆ? ನನಗೆ ಇದು ತಿಳಿಯುವುದಕ್ಕೆ ಒಂದು ವಾರ ಬೇಕಾಯಿತು.

2023ರ ನವೆಂಬರ್ ತಿಂಗಳಿಡೀ ನಾನೂ ನಮ್ಮನೆಯವರೂ ಚಿಲಿ ದೇಶದ ಈ ಬಂದರು ಊರಿನಲ್ಲಿ ಇದ್ದೆವು. ಬ್ಯಾಂಕ್ ಕೆಲಸದಿಂದ ಸ್ವಯಂ ನಿವೃತ್ತಿ ತೆಗೆದುಕೊಂಡ ವರ್ಷ ಅದು. ಹದಿನೈದು ದಿನದಲ್ಲಿ ಐದು ದೇಶ ಸುತ್ತುವ ಪ್ರವಾಸ ನಮಗೆ ಬೇಡವಾಗಿತ್ತು. ಒಂದೇ ಊರಲ್ಲಿ ಒಲೆ ಹೂಡಬೇಕು, ಅಂಗಡಿಯವರಿಗೆ ನಮ್ಮ ಮುಖ ಪರಿಚಯ ಆಗಬೇಕು ಅಂತ ಆಸೆ. ನಾನು ಕುಂದಾಪುರದವಳು, ಹಾಗಾಗಿ ಕಡಲಂತೂ ಇರಲೇಬೇಕಿತ್ತು.

ಮೊದಲ ಮನೆಯನ್ನು ಬೆಂಗಳೂರಿನಲ್ಲೇ ಕೂತು ಫೋಟೊ ನೋಡಿ ಹಿಡಿದಿದ್ದೆ. ಬಾಲ್ಕನಿ ಚೆನ್ನಾಗಿತ್ತು. ಆದರೆ ರಸ್ತೆಯಿಂದ 168 ಮೆಟ್ಟಿಲು. ಎರಡು ಸೂಟ್‌ಕೇಸ್ ಹೊತ್ತು ಹತ್ತುವಷ್ಟರಲ್ಲಿ ನಮ್ಮನೆಯವರ ಮಂಡಿ ಊದಿಕೊಂಡಿತು. ಮನೆಯೊಳಗೆ ಚಳಿ, ಒಗೆದ ಬಟ್ಟೆ ಮೂರು ದಿನವಾದರೂ ಹಸಿ. ಯಾಕೆ ಹೀಗೆ ಅಂತ ಮೊದಲು ಹೊಳೆಯಲಿಲ್ಲ. ನಮಗೆ ಕಡಲು ಅಂದರೆ ಪಡು ದಿಕ್ಕು. ವಾಲ್ಪರೈಸೊದ ಕೊಲ್ಲಿ ತೆರೆದುಕೊಳ್ಳುವುದು ಉತ್ತರಕ್ಕೆ. ಭೂಮಿಯ ದಕ್ಷಿಣಾರ್ಧ ಆದ್ದರಿಂದ ಮಧ್ಯಾಹ್ನದ ಸೂರ್ಯನೂ ಉತ್ತರದಲ್ಲೇ, ಕಡಲಿನ ಕಡೆಗೇ ಇರುತ್ತಾನೆ. ನಮ್ಮ ಮನೆ ಒಂದು ಕಣಿವೆಯ ಮಗ್ಗುಲಲ್ಲಿ ದಕ್ಷಿಣಕ್ಕೆ ಮುಖ ಮಾಡಿತ್ತು. ಬಾಲ್ಕನಿಯ ಮೂಲೆಯಿಂದ ಬಗ್ಗಿದರೆ ಕಡಲೇನೋ ಕಾಣುತ್ತಿತ್ತು, ಬಿಸಿಲು ಮಾತ್ರ ಒಳಗೆ ಬರುತ್ತಿರಲಿಲ್ಲ.

ಪುಣ್ಯಕ್ಕೆ ಒಂದು ವಾರಕ್ಕಷ್ಟೇ ದುಡ್ಡು ಕಟ್ಟಿದ್ದೆ. ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ: ಮೊದಲ ವಾರಕ್ಕೆ ಮಾತ್ರ ಮನೆ ಹಿಡಿಯಿರಿ, ಉಳಿದದ್ದನ್ನು ಅಲ್ಲಿ ನಡೆದಾಡಿ ನೋಡಿ. ಬಾಡಿಗೆಗೆ ಇರುವ ಮನೆಗಳ ಕಿಟಕಿಯಲ್ಲಿ ‘ಸೆ ಅರಿಯೆಂದಾ’ ಅಂತ ಚೀಟಿ ಅಂಟಿಸಿರುತ್ತಾರೆ. ಬೇಯಾವಿಸ್ತಾ ಗುಡ್ಡದಲ್ಲಿ ಅಂಥ ಚೀಟಿ ನೋಡಿ ಬಾಗಿಲು ತಟ್ಟಿದೆವು. ಕೆಳಗೆ ವಯಸ್ಸಾದ ಒಬ್ಬ ಸೆನ್ಯೋರಾ (ನಮ್ಮಲ್ಲಿ ಅಮ್ಮನವರು ಅಂದ ಹಾಗೆ), ಮೇಲಿನ ಎರಡು ಕೋಣೆ ಬಾಡಿಗೆಗೆ. ಗೋಡೆಗೆಲ್ಲ ತಗಡು ಹೊದೆಸಿ ಹಳದಿ ಬಣ್ಣ ಬಳಿದಿದ್ದರು. ಉತ್ತರದ ಕಿಟಕಿ, ಬರೀ ಹನ್ನೆರಡು ಮೆಟ್ಟಿಲು. ಉಳಿದ ಮೂರು ವಾರಕ್ಕೆ 3,20,000 ಪೆಸೊ, ಆಗಿನ ಲೆಕ್ಕದಲ್ಲಿ ಸುಮಾರು 30,000 ರೂಪಾಯಿ. ಜನವರಿ, ಫೆಬ್ರವರಿ ಅಲ್ಲಿ ಬೇಸಿಗೆ ರಜೆ, ಬಾಡಿಗೆ ಜಾಸ್ತಿಯಾಗುತ್ತದೆ. ಅದಕ್ಕೇ ನವೆಂಬರ್ ಆರಿಸಿದ್ದು. ನೋಟು ಕೊಡಬೇಕಾದಾಗ ಎಟಿಎಮ್ಮಿಗೆ ಒಂದೇ ಸಲ ಹೋಗಿ ದೊಡ್ಡ ಮೊತ್ತ ತೆಗೆಯಿರಿ. ಹೊರದೇಶದ ಕಾರ್ಡಿಗೆ ಪ್ರತಿ ಸಲವೂ ಸಾವಿರಗಟ್ಟಲೆ ಪೆಸೊ ಶುಲ್ಕ ಹಿಡಿಯುತ್ತಾರೆ.

ಊರು ಎರಡು ಪಾಲು. ಕಡಲಂಚಿನ ಸಮತಟ್ಟು ಜಾಗಕ್ಕೆ ‘ಪ್ಲಾನ್’ ಅನ್ನುತ್ತಾರೆ, ಅದರಲ್ಲಿ ಬಹಳಷ್ಟು ಕಡಲನ್ನು ತುಂಬಿಸಿ ಮಾಡಿದ ನೆಲ. ಮೇಲಿನದೆಲ್ಲ ಗುಡ್ಡ, ‘ಸೆರ್ರೊ’. ನಮ್ಮ ಕಡೆ ಘಟ್ಟದ ಮೇಲೆ, ಘಟ್ಟದ ಕೆಳಗೆ ಅಂದ ಹಾಗೆ. ಬ್ಯಾಂಕು, ಸಂತೆ, ಔಷಧಿ ಎಲ್ಲ ಪ್ಲಾನಿನಲ್ಲಿ. ಮನೆ ಮೇಲೆ. ಇಳಿಯುವಾಗ ನಡೆದೇ ಇಳಿಯುತ್ತಿದ್ದೆವು. ದಾರಿಯ ಗೋಡೆಗಳ ಮೇಲೆ 1990ರ ದಶಕದಲ್ಲಿ ಬರೆದ ಇಪ್ಪತ್ತು ದೊಡ್ಡ ಚಿತ್ರಗಳಿವೆ, ಅದಕ್ಕೆ ‘ತೆರೆದ ಆಕಾಶದ ಮ್ಯೂಸಿಯಂ’ ಅಂತಲೇ ಹೆಸರು. ಕವಿ ಪಾಬ್ಲೊ ನೆರೂದಾ ಅವರ ಲಾ ಸೆಬಾಸ್ತಿಯಾನಾ ಮನೆ ಇನ್ನೂ ಮೇಲೆ, ನಡೆದು ಹೋಗುವಷ್ಟು ಹತ್ತಿರ.

ಹತ್ತುವುದಕ್ಕೆ ಅಸೆನ್ಸೋರ್ ಇದೆ. ಕೇಬಲ್ಲಿಗೆ ಕಟ್ಟಿದ ಎರಡು ಮರದ ಡಬ್ಬಿಗಳು ಕಡಿದಾದ ಹಳಿಯ ಮೇಲೆ ಓಡುತ್ತವೆ. ಒಂದು ಇಳಿದಾಗ ಇನ್ನೊಂದು ಏರುತ್ತದೆ, ಬಾವಿಯ ಎರಡು ಕೊಡಗಳ ಹಾಗೆ. ಮೊದಲನೆಯದು 1883ರಲ್ಲಿ ಕನ್ಸೆಪ್ಸಿಯೋನ್ ಗುಡ್ಡಕ್ಕೆ ಬಂತು. ನಮ್ಮ ಗುಡ್ಡದ ‘ಎಸ್ಪಿರಿತು ಸಾಂತೊ’ 1911ರದು. ಇವುಗಳಲ್ಲಿ ಕೆಲವು ದುರಸ್ತಿಗೆ ಅಂತ ತಿಂಗಳುಗಟ್ಟಲೆ ಮುಚ್ಚಿರುತ್ತವೆ, ಅದೊಂದನ್ನೇ ನಂಬಿ ಮನೆ ಹಿಡಿಯಬೇಡಿ. ಕೊಲೆಕ್ತಿವೊ ಕಲಿತುಕೊಳ್ಳಿ. ನಾಲ್ಕು ಜನ ಹಂಚಿಕೊಂಡು ಹೋಗುವ ಕಾರು, ದಾರಿ ಗೊತ್ತುಮಾಡಿದ್ದು. ಸಾಮಾನು ಇದ್ದ ದಿನ ನಾವು ಅದರಲ್ಲೇ ಬರುತ್ತಿದ್ದೆವು. ಗುಡ್ಡದಿಂದ ಗುಡ್ಡಕ್ಕೆ ಹೋಗಬೇಕಾದರೆ ಅಲೆಮಾನ್ಯಾ ರಸ್ತೆಯಲ್ಲಿ ಓಡುವ 612 ನಂಬರಿನ ಬಸ್ಸು. ಆ ರಸ್ತೆ ಗುಡ್ಡಗಳ ಸೊಂಟಕ್ಕೆ ಪಟ್ಟಿ ಕಟ್ಟಿದ ಹಾಗೆ ಸುತ್ತುತ್ತದೆ. ಕಿಟಕಿ ಪಕ್ಕ ಕೂತರೆ ತಿರುವಿಗೊಮ್ಮೆ ಬಂದರು ಕಾಣುತ್ತದೆ. ಸುಮ್ನೆ ಕೂತು ಬರುವುದಕ್ಕೇ ನಾನು ಮೂರು ಸಲ ಹತ್ತಿದೆ.

ಇನ್ನು ಅಡುಗೆಯ ವಿಷಯ. ಚಿಲಿಯ ವಿಮಾನ ನಿಲ್ದಾಣದಲ್ಲಿ ಬೀಜ, ಹಣ್ಣು, ಸೊಪ್ಪು ಯಾವುದನ್ನೂ ಸುಲಭವಾಗಿ ಒಳಗೆ ಬಿಡುವುದಿಲ್ಲ. ತಂದದ್ದನ್ನೆಲ್ಲ ಘೋಷಿಸಬೇಕು, ಮುಚ್ಚಿಟ್ಟರೆ ದಂಡ. ನಾನು ಎಲ್ಲವನ್ನೂ ಬರೆದುಕೊಟ್ಟೆ. ಅಧಿಕಾರಿ ಒಂದೊಂದೇ ಪೊಟ್ಟಣ ಬಿಚ್ಚಿಸಿ ನೋಡಿದರು. ಬ್ಯಾಡಗಿ ಪುಡಿ, ಅರಿಶಿನ, ಸಾರಿನ ಪುಡಿ ವಾಪಸ್ ಬಂತು. ಸಾಸಿವೆ, ಮೆಂತ್ಯ, ಕೊತ್ತಂಬರಿ ಬೀಜ, ಬೀಜವಿದ್ದ ಹುಣಸೆಹಣ್ಣು ಅಲ್ಲೇ ಉಳಿಯಿತು. ದಂಡ ಬೀಳಲಿಲ್ಲ. ನೀವು ಹೋದರೆ ಪುಡಿ ಮಾಡಿಸಿ, ಮುಚ್ಚಿದ ಪ್ಯಾಕೆಟ್ಟಿನಲ್ಲೇ ಒಯ್ಯಿರಿ.

ಉಳಿದದ್ದು ಕಾರ್ದೊನಾಲ್ ಮಾರುಕಟ್ಟೆಯಲ್ಲಿ ಸಿಕ್ಕಿತು. ಕುಂಬಳಕಾಯಿ ಅಲ್ಲಿ ಎಷ್ಟು ದೊಡ್ಡದೆಂದರೆ, ಕೊಯ್ದು ಹೋಳು ಲೆಕ್ಕದಲ್ಲಿ ಮಾರುತ್ತಾರೆ. ಕೊತ್ತಂಬರಿ ಸೊಪ್ಪು ಬೇಕಾದಷ್ಟು. ಬೆಣ್ಣೆಹಣ್ಣಿಗೆ ಅಲ್ಲಿ ‘ಪಾಲ್ತಾ’ ಅನ್ನುತ್ತಾರೆ, ದಿನವೂ ತಿಂದೆವು. ತೊಗರಿಬೇಳೆ ಇಲ್ಲ, ಸಿಪ್ಪೆ ಇರುವ ದಪ್ಪ ಮಸೂರ ಹಾಕಿಯೇ ಸಾಂಬಾರು. ಅಲ್ಲಿಯ ಮೂಲನಿವಾಸಿಗಳಾದ ಮಪೂಚೆ ಜನರ ‘ಮೆರ್ಕೆನ್’ ಅನ್ನುವ ಪುಡಿಯನ್ನು ಮಾತ್ರ ತಪ್ಪಿಸಬೇಡಿ. ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿಗೆ ಕೊತ್ತಂಬರಿ ಬೀಜ ಸೇರಿಸಿ ಮಾಡಿದ್ದು. ಒಂದು ಚಿಟಿಕೆ ಹಾಕಿದರೆ ಸಾರಿಗೆ ಸೌದೆ ಒಲೆಯ ವಾಸನೆ ಬರುತ್ತದೆ.

ಎರಡನೇ ಸಲ ಹೋದಾಗಲೇ ತರಕಾರಿಯವಳು ನನ್ನನ್ನು ‘ಕಸೆರೀತಾ’ ಅಂದಳು. ವಾಡಿಕೆಯ ಗಿರಾಕಿ, ವಾಡಿಕೆಯ ಅಂಗಡಿಯವರು, ಇಬ್ಬರಿಗೂ ಅದೇ ಮಾತು. ತೂಗಿ ಆದ ಮೇಲೆ ಎರಡು ನಿಂಬೆಹಣ್ಣು ಚೀಲಕ್ಕೆ ಹಾಕಿ ‘ಲಾ ಯಾಪಾ’ ಅಂದಳು. ಅರ್ಥ ಯಾರೂ ಹೇಳಬೇಕಾಗಿರಲಿಲ್ಲ. ಕೊಸರು! ಅವತ್ತಿನಿಂದ ನನಗೆ ಆ ಊರಿನ ಬಗ್ಗೆ ಇದ್ದ ಹಿಂಜರಿಕೆ ಹೋಯಿತು.

ಮೀನಿಗೆ ಬೇಯಾವಿಸ್ತಾ ಸ್ಟೇಷನ್ನಿನಿಂದ ರೈಲು ಹತ್ತಿ ಮೂರನೇ ಸ್ಟೇಷನ್, ಪೋರ್ತಾಲೆಸ್. ರೈಲು ಕಡಲಿನ ಅಂಚಿಗೇ ಓಡುತ್ತದೆ. ದೋಣಿ ಎಳೆಯುವ ಜಾಗದಲ್ಲೇ ಮೀನು ಮಾರುತ್ತಾರೆ. ಪಕ್ಕದಲ್ಲಿ ಪೆಲಿಕನ್‌ಗಳು, ಕರುಳು ಬಿಸಾಡುವುದನ್ನೇ ಕಾಯುತ್ತಾ ಕೂಗುವ ಕಡಲಸಿಂಹಗಳು. ‘ರೆಯ್ನೆತಾ’ ಅನ್ನುವ ಚಪ್ಪಟೆ ಮೀನು ನಮ್ಮ ಮಾಂಜಿಯನ್ನು ನೆನಪಿಸಿತು. ಬ್ಯಾಡಗಿ ಪುಡಿ, ಡಬ್ಬಿಯ ತೆಂಗಿನ ಹಾಲು, ಹುಣಸೆಯ ಬದಲಿಗೆ ಕೊಸರಿನ ನಿಂಬೆ. ಒಳ್ಳೆಯ ಸಾರೇ ಆಯಿತು. ಕಡಲಿಗಿಳಿಯುವ ಆಸೆ ಮಾತ್ರ ಮೊಣಕಾಲಿಗೇ ಮುಗಿಯಿತು. ದಕ್ಷಿಣದಿಂದ ಹರಿದು ಬರುವ ಹಂಬೋಲ್ಟ್ ಅನ್ನುವ ತಣ್ಣನೆಯ ಕಡಲ ಪ್ರವಾಹದಿಂದಾಗಿ ನೀರು ಬಾವಿ ನೀರಿಗಿಂತ ತಣ್ಣಗೆ. ಬೆಳಿಗ್ಗೆ ಕವಿಯುವ ಮಂಜಿಗೂ ಆ ತಣ್ಣೀರೇ ಕಾರಣ. ಹನ್ನೊಂದು ಗಂಟೆಯ ಹೊತ್ತಿಗೆ ಮಂಜು ಕರಗಿ, ನಿಂತ ಹಡಗುಗಳು ಒಂದೊಂದೇ ಕಾಣತೊಡಗುತ್ತಿದ್ದವು.

ಭಾಷೆಗಾಗಿ ನಾಲ್ಕು ತಿಂಗಳು ಸ್ಪ್ಯಾನಿಷ್ ಕಲಿತು ಹೋಗಿದ್ದೆ. ಅಲ್ಲಿಯವರು ಮಾತಿನ ಕೊನೆಯ ‘ಸ’ ನುಂಗುತ್ತಾರೆ, ‘ಪೊ’ ಸೇರಿಸುತ್ತಾರೆ. ‘ಸಿ ಪೊ’ ಅಂದರೆ ‘ಹೌದು ಮಾರಾಯ್ರೆ’ ಅಂದ ಹಾಗೆ. ನನ್ನ ನಿಜವಾದ ಪಾಠ ಆದದ್ದು ಬ್ರೆಡ್ ಅಂಗಡಿಯಲ್ಲಿ. ಸಂಜೆ ‘ಒನ್ಸೆ’ ಅಂತ ಚಹಾ, ಬ್ರೆಡ್ ತಿನ್ನುವ ರೂಢಿ ಇದೆ. ಆ ಹೊತ್ತಿಗೆ ಮರ್ರಕೇತಾ ಅನ್ನುವ ಬ್ರೆಡ್ ಬಿಸಿಬಿಸಿ ಬರುತ್ತದೆ. ಇಕ್ಕಳದಲ್ಲಿ ನಾವೇ ಎತ್ತಿಕೊಂಡು ತೂಕಕ್ಕೆ ಕೊಡಬೇಕು. ಸಾಲಿನಲ್ಲಿ ಹತ್ತು ನಿಮಿಷ ನಿಂತರೆ ಊರಿನ ಸುದ್ದಿ ಎಲ್ಲ ಕಿವಿಗೆ ಬೀಳುತ್ತದೆ. ನಾನು ಫೋನ್ ಹಿಡಿದು ಪ್ಲಾನಿಗೆ ಹೊರಟಿದ್ದನ್ನು ನೋಡಿ ಅಂಗಡಿಯಾಕೆ ಕೂಗಿ ಕರೆದು ಚೀಲಕ್ಕೆ ಹಾಕಿಸಿದಳು. ಕೆಳಗೆ ಕಿತ್ತುಕೊಂಡು ಓಡುವವರಿದ್ದಾರಂತೆ. ಆ ಮಾತನ್ನು ಕೊನೆಯವರೆಗೂ ಪಾಲಿಸಿದೆ.

ಮೂರನೇ ವಾರ ಒಂದು ರಾತ್ರಿ ಕಪಾಟಿನ ಲೋಟಗಳು ಕಿಣಿಕಿಣಿ ಅಂದವು. ಮಂಚ ಸರಿದ ಹಾಗಾಯಿತು. ಕೆಳಗಿಳಿದರೆ ಸೆನ್ಯೋರಾ ಆಗಲೇ ಗ್ಯಾಸ್ ಆರಿಸಿ ನಿಂತಿದ್ದರು. ನನ್ನ ಕೈ ಹಿಡಿದು ‘ತೆಂಬ್ಲೋರ್, ನೊ ತೆರೆಮೋತೊ’ ಅಂದರು. ಅದು ನಡುಕ ಅಷ್ಟೇ, ಭೂಕಂಪ ಅಲ್ಲ. 1906ರ ಆಗಸ್ಟ್ 16ರ ಭೂಕಂಪ ಪ್ಲಾನಿನ ಬಹಳಷ್ಟು ಭಾಗವನ್ನು ನೆಲಸಮ ಮಾಡಿದ ಊರು ಅದು. ಪ್ಲಾನಿನ ಬೀದಿಗಳಲ್ಲಿ ಸುನಾಮಿ ಬಂದರೆ ಯಾವ ಕಡೆ ಓಡಬೇಕು ಅಂತ ಬಾಣದ ಗುರುತಿನ ಹಲಗೆಗಳಿವೆ. ಸಮುದ್ರ ಮಟ್ಟದಿಂದ 30 ಮೀಟರ್ ಮೇಲೇರಬೇಕು. ನಿಲ್ಲಲಾಗದಷ್ಟು ನೆಲ ನಡುಗಿದರೆ ಸೈರನ್ನಿಗೂ ಕಾಯಬಾರದು. ಅವತ್ತಿನಿಂದ ಪಾಸ್‌ಪೋರ್ಟಿನ ಚೀಲವನ್ನೂ ಶೂಗಳನ್ನೂ ಮಂಚದ ಪಕ್ಕವೇ ಇಟ್ಟುಕೊಂಡು ಮಲಗಿದೆವು.

ಹೊರಡುವ ಹಿಂದಿನ ದಿನ ಸೆನ್ಯೋರಾಗೆ ಮೀನು ಸಾರು ಮಾಡಿ ಕೊಟ್ಟೆ. ಬ್ರೆಡ್ಡನ್ನು ಅದ್ದಿ ಅದ್ದಿ ತಿಂದರು, ಕಣ್ಣಲ್ಲಿ ನೀರು ಬಂದರೂ ಬಟ್ಟಲು ಬಿಡಲಿಲ್ಲ. ಉಳಿದಿದ್ದ ಬ್ಯಾಡಗಿ ಪುಡಿಯನ್ನು ಅವರ ಅಡುಗೆಮನೆಯಲ್ಲೇ ಬಿಟ್ಟೆ. ಪೊಟ್ಟಣದ ಮೇಲೆ ‘ಅರ್ಧ ಚಮಚ, ಜಾಸ್ತಿ ಬೇಡ’ ಅಂತ ಸ್ಪ್ಯಾನಿಷ್‌ನಲ್ಲಿ ಬರೆದೆ. ಅವರು ನನ್ನಿಂದ ಪೆನ್ನು ತೆಗೆದುಕೊಂಡು, ನಾನು ಮಾಡಿದ್ದ ಎರಡು ಕಾಗುಣಿತದ ತಪ್ಪು ತಿದ್ದಿದರು.