ಟಗ್ ಬೋಟಿನ ಮೋಟರ್ ಬಿಸಿ ಇಳಿಸಿದ್ದು ಹೀಗೆ

ನನ್ನದು ಒಂದೂವರೆ ಮೀಟರ್ ಉದ್ದದ ಮಾದರಿ ಟಗ್ ಬೋಟು (ಹಡಗು ಎಳೆಯುವ ದೋಣಿ), 70 ಮಿ.ಮೀ. ಪ್ರೊಪೆಲ್ಲರ್. ನೀರಿಗೆ ಬಿಟ್ಟ ಸ್ವಲ್ಪ ಹೊತ್ತಿಗೇ ಮೋಟರ್ ಮುಟ್ಟಲಾಗದಷ್ಟು ಬಿಸಿಯಾಗುತ್ತಿತ್ತು, ಸ್ಪೀಡ್ ಕಂಟ್ರೋಲರ್ ಆಫ್ ಆಗುತ್ತಿತ್ತು. ಮೇಜಿನ ಮೇಲೆ ಓಡಿಸಿದರೆ ಏನೂ ತೊಂದರೆ ಇರಲಿಲ್ಲ. ಗಾಳಿಯಲ್ಲಿ ಪ್ರೊಪೆಲ್ಲರಿಗೆ ಲೋಡ್ ಎಲ್ಲಿಂದ ಬರಬೇಕು, ಅಲ್ವಾ?

ಬೋಟನ್ನು ನೀರಲ್ಲೇ ಹಗ್ಗ ಕಟ್ಟಿ ನಿಲ್ಲಿಸಿ ವಾಟ್ ಮೀಟರ್ ಹಾಕಿದೆ. ಕರೆಂಟ್ ಮೋಟರಿನ ಮಿತಿಗಿಂತ ತುಂಬಾ ಜಾಸ್ತಿ. 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ, ಕಿಲೋವೋಲ್ಟ್ ಅಲ್ಲ) ಮೋಟರ್ 12 ವೋಲ್ಟಿನಲ್ಲಿ, ಲೋಡ್ ಇಲ್ಲದಾಗ, ನಿಮಿಷಕ್ಕೆ 12,000 ಸುತ್ತು ತಿರುಗುತ್ತದೆ. ಆ ಪ್ರೊಪೆಲ್ಲರಿಗೆ ಇದು ಅತಿಯಾಯಿತು. ಸುತ್ತು ಎರಡು ಪಟ್ಟಾದರೆ ಬೇಕಾಗುವ ಪವರ್ ಸುಮಾರು ಎಂಟು ಪಟ್ಟಾಗುತ್ತದೆ. ಹಾಗಾಗಿ ಇನ್ನೂ ದೊಡ್ಡ ಮೋಟರ್ ಹಾಕಿದ್ದರೆ ಸುಮ್ನೆ ಬ್ಯಾಟರಿ ದಂಡ.

ಮೋಟರ್ ಅದೇ ಇಟ್ಟುಕೊಂಡು, ಅದಕ್ಕೂ ಪ್ರೊಪೆಲ್ಲರ್ ಶಾಫ್ಟಿಗೂ ನಡುವೆ 4:1 ಹಲ್ಲಿನ ಬೆಲ್ಟ್ ಹಾಕಿದೆ. ಮೋಟರ್ ನಾಲ್ಕು ಸುತ್ತು ತಿರುಗಿದರೆ ಶಾಫ್ಟ್ ಒಂದೇ ಸುತ್ತು, ಟಾರ್ಕ್ (ತಿರುಗಿಸುವ ಬಲ) ಹತ್ತಿರ ಹತ್ತಿರ ನಾಲ್ಕು ಪಟ್ಟು. ಗೇರ್ ಕೂಡ ಆಗುತ್ತಿತ್ತು, ಆದರೆ ಅದರ ಕಿರುಚಾಟ ಟಗ್‌ಗೆ ಒಪ್ಪುವುದಿಲ್ಲ. ಒಳಗೆ ಜಾಗ ಕಡಿಮೆಯಿದ್ದರೆ ಕಡಿಮೆ ಕೆವಿ ಮೋಟರನ್ನು ನೇರವಾಗಿ ಜೋಡಿಸುವುದೇ ವಾಸಿ.

ಈಗ ಮೋಟರ್ ಬೆಚ್ಚಗಾಗುತ್ತದೆ, ಅಷ್ಟೇ. ಬೆಲ್ಟ್ ಮಾತ್ರ ತೀರಾ ಬಿಗಿ ಮಾಡಬೇಡಿ, ಬೇರಿಂಗ್ ಬೇಗ ಸವೆಯುತ್ತದೆ. ಬೆರಳಲ್ಲಿ ಒತ್ತಿದರೆ ಸ್ವಲ್ಪ ಬಗ್ಗಬೇಕು.