ವಿಂಡೋಸ್‌ನ ಜೊತೆಗೇ ಬಂದದ್ದು: ಮನೆಯ ಕಂಪ್ಯೂಟರಿಗೆ ಹೊಸಬರಾದವರಿಗೆ

ಮನೆಗೆ ಲ್ಯಾಪ್‌ಟಾಪ್ ಬಂದ ಕೂಡಲೇ ಏಳುವ ಪ್ರಶ್ನೆ, ‘ಇದಕ್ಕೆ ಏನೆಲ್ಲ ಸಾಫ್ಟ್‌ವೇರ್ ಹಾಕಿಸಬೇಕು?’ ಮನೆ ಬಳಕೆಗಾದರೆ ಹೆಚ್ಚೇನೂ ಬೇಡ. ಕನ್ನಡದಲ್ಲಿ ಒಂದು ಪತ್ರ, ಅರ್ಜಿಗೆ ಫೋಟೊ ಕುಗ್ಗಿಸುವುದು, ನಾಲ್ಕು ಕಾಗದ ಸೇರಿಸಿ ಒಂದು ಪಿಡಿಎಫ್, ಪರದೆಯ ಚಿತ್ರ ತೆಗೆಯುವುದು: ಇಷ್ಟಕ್ಕೆ ಬೇಕಾದ್ದೆಲ್ಲ ವಿಂಡೋಸ್‌ನೊಳಗೇ ಉಂಟು. ಇಲ್ಲಿ ಹೇಳಿರುವುದು ವಿಂಡೋಸ್ 11ರ ಲೆಕ್ಕದಲ್ಲಿ. ವಿಂಡೋಸ್ 10 ಇದ್ದರೂ ಬಹುಪಾಲು ಹೀಗೆಯೇ, ಮೆನುಗಳು ಸ್ವಲ್ಪ ಆಚೀಚೆ ಇರುತ್ತವೆ. ಆದರೆ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಯಂತ್ರಕ್ಕೆ 11 ಹಿಡಿಸುತ್ತದಾದರೆ ಬದಲಾಯಿಸಿಕೊಳ್ಳುವುದೇ ಒಳ್ಳೆಯದು.

ವರ್ಡ್ ಮತ್ತು ಎಕ್ಸೆಲ್ ವಿಂಡೋಸ್‌ನ ಭಾಗವಲ್ಲ, ಅವುಗಳಿಗೆ ಬೇರೆ ದುಡ್ಡು. ಹಿಂದೆ ಪುಕ್ಕಟೆಯಾಗಿ ಬರುತ್ತಿದ್ದ ವರ್ಡ್‌ಪ್ಯಾಡನ್ನು ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ತೆಗೆದುಹಾಕಿದ್ದಾರೆ. ಉಳಿದಿರುವುದು ನೋಟ್‌ಪ್ಯಾಡ್. ಪಟ್ಟಿ, ಟಿಪ್ಪಣಿ, ಸಾದಾ ಪತ್ರಕ್ಕೆ ಅದು ಧಾರಾಳ ಸಾಕು. ‘ವರ್ಡ್ ಫ್ರೀ ಹಾಕಿಕೊಡುತ್ತೇನೆ’ ಎಂದು ಯಾರಾದರೂ ಕದ್ದ ಪ್ರತಿ ತುರುಕಲು ಬಂದರೆ ಬೇಡವೆನ್ನಿ. ಅದರ ಬೆನ್ನಿಗೇ ವೈರಸ್ ಬರುವುದುಂಟು.

ಕನ್ನಡ ಟೈಪಿಂಗ್

ಸೆಟ್ಟಿಂಗ್ಸ್ ತೆರೆಯಲು ವಿಂಡೋಸ್ ಕೀ ಹಿಡಿದು ಐ ಒತ್ತಿ. ಟೈಮ್ ಆ್ಯಂಡ್ ಲ್ಯಾಂಗ್ವೇಜ್, ಅದರೊಳಗೆ ಲ್ಯಾಂಗ್ವೇಜ್ ಆ್ಯಂಡ್ ರೀಜನ್, ಅಲ್ಲಿ ಆ್ಯಡ್ ಎ ಲ್ಯಾಂಗ್ವೇಜ್. ಹುಡುಕುವ ಜಾಗದಲ್ಲಿ ಕನ್ನಡ ಎಂದು ಇಂಗ್ಲಿಷಿನಲ್ಲಿ ಬರೆದು ಆರಿಸಿ. ಮುಂದಿನ ಪುಟದಲ್ಲಿ ‘ಡಿಸ್‌ಪ್ಲೇ ಲ್ಯಾಂಗ್ವೇಜ್ ಆಗಿ ಇಡು’ ಎಂಬರ್ಥದ ಚೌಕಕ್ಕೆ ಟಿಕ್ ಇದ್ದರೆ ತೆಗೆಯಿರಿ. ಇಲ್ಲದಿದ್ದರೆ ಮೆನುಗಳೆಲ್ಲ ಕನ್ನಡಕ್ಕೆ ತಿರುಗುತ್ತವೆ. ಅದು ತಪ್ಪೇನಲ್ಲ, ಆದರೆ ಫೋನಿನಲ್ಲಿ ಯಾರಾದರೂ ‘ಸೆಟ್ಟಿಂಗ್ಸ್‌ಗೆ ಹೋಗಿ’ ಎಂದು ಹೇಳಿಕೊಡುವಾಗ ಇಬ್ಬರಿಗೂ ತಲೆಬಿಸಿ.

ಹೀಗೆ ಸೇರಿಸಿದಾಗ ಸಾಮಾನ್ಯವಾಗಿ ಬರುವುದು ಇನ್‌ಸ್ಕ್ರಿಪ್ಟ್ ಕೀಲಿಮಣೆ. ಅದರಲ್ಲಿ ‘ಕನ್ನಡ’ ಎಂದು ಬರಲು ಇಂಗ್ಲಿಷಿನ ಕೆ, ವಿ, ಡಿ, ವಿ, ಆಮೇಲೆ ಪಿಯ ಪಕ್ಕದ ಚೌಕ ಆವರಣ ಒತ್ತಬೇಕು. ಕಲಿತವರಿಗೆ ಬಹಳ ವೇಗ, ಹೊಸಬರಿಗೆ ಒಗಟು. ಹಾಗಾಗಿ ಕನ್ನಡದ ಎದುರಿನ ಮೂರು ಚುಕ್ಕೆ ಒತ್ತಿ, ಲ್ಯಾಂಗ್ವೇಜ್ ಆಪ್ಶನ್ಸ್, ಆ್ಯಡ್ ಎ ಕೀಬೋರ್ಡ್, ಕನ್ನಡ ಫೋನೆಟಿಕ್ ಆರಿಸಿ. ಇದು 2019ರ ಮೇ ತಿಂಗಳ ಪರಿಷ್ಕರಣೆಯಿಂದ ವಿಂಡೋಸ್‌ನಲ್ಲಿದೆ. ಉಚ್ಚಾರಣೆಯಂತೆ ಇಂಗ್ಲಿಷ್ ಅಕ್ಷರ ಒತ್ತುತ್ತಾ ಹೋದರೆ ಪದಗಳ ಪಟ್ಟಿ ಕಾಣಿಸುತ್ತದೆ. ಸರಿಯಾದದ್ದನ್ನು ಆರಿಸಿ ಮುಂದಕ್ಕೆ ಹೋಗಬೇಕು. ನಮ್ಮ ಊರುಗಳ ಹೆಸರಿನಲ್ಲಿ ಸ್ವಲ್ಪ ಎಚ್ಚರ ಬೇಕು. ಬಂಟ್ವಾಳ, ಕಾರ್ಕಳ, ಸುರತ್ಕಲ್ ಇಂಥವುಗಳಲ್ಲಿ ಲ, ಳ ಅದಲುಬದಲಾದ ರೂಪವೇ ಪಟ್ಟಿಯ ಮೊದಲಿಗೆ ಬಂದಿರಬಹುದು. ನೋಡದೆ ಸ್ಪೇಸ್ ಒತ್ತಿದರೆ ಅದೇ ಕೂತುಬಿಡುತ್ತದೆ.

ಇಂಗ್ಲಿಷಿಗೂ ಕನ್ನಡಕ್ಕೂ ಹಾರಲು ವಿಂಡೋಸ್ ಕೀ ಮತ್ತು ಸ್ಪೇಸ್. ಎಡಗಡೆಯ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ತಾಗಿದರೂ ಭಾಷೆ ಬದಲಾಗುತ್ತದೆ. ‘ಪಾಸ್‌ವರ್ಡ್ ಸರಿಯಾಗಿಯೇ ಹಾಕಿದ್ದೇನೆ, ತೆಗೆದುಕೊಳ್ಳುವುದೇ ಇಲ್ಲ’ ಎಂಬ ದೂರಿಗೆ ಹಲವು ಸಲ ಕಾರಣ ಇದೇ. ಲಾಗಿನ್ ಪರದೆಯ ಬಲ ಮೂಲೆಯಲ್ಲಿ ಯಾವ ಭಾಷೆ ಇದೆ ಎಂದು ಮೊದಲು ನೋಡಿ, ಆಮೇಲೆ ಕ್ಯಾಪ್ಸ್ ಲಾಕ್.

ಈಗಾಗಲೇ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಬೇರೊಂದು ತೊಡಕು. ನುಡಿ ಬಳಸುವ ಕಗಪ ಕೀಲಿಮಣೆಯ ಮೂಲ ವಿನ್ಯಾಸ ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರದ್ದು. ಅದರಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ. ವಿಂಡೋಸ್‌ನ ಇನ್‌ಸ್ಕ್ರಿಪ್ಟ್‌ನಲ್ಲಿ ಎಫ್ ಒತ್ತಿದರೆ ಗುಡಿಸು ಬರುತ್ತದೆ, ಒತ್ತಿಗೆ ಅಲ್ಲಿ ಡಿ. ಅಭ್ಯಾಸ ಬಿಡಲಾಗದಿದ್ದರೆ ನುಡಿಯನ್ನೇ ಹಾಕಿಕೊಳ್ಳಿ, ಅದು ಉಚಿತ. ಆದರೆ ಯುನಿಕೋಡ್‌ನಲ್ಲಿ ಇಟ್ಟುಕೊಂಡೇ ಟೈಪ್ ಮಾಡಿ.

ಯುನಿಕೋಡ್ ಎಂದರೆ ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತದ ಪದ್ಧತಿ. ಅದೇ ಏಕೆಂದರೆ, ಹಳೆಯ ನುಡಿ, ಬರಹ ತಂತ್ರಾಂಶಗಳ ಫಾಂಟುಗಳಲ್ಲಿ ಮಾಡಿದ ಬ್ರಹ್ಮಕಲಶದ ಆಮಂತ್ರಣವನ್ನೋ ಸಂಘದ ವರದಿಯನ್ನೋ ನಿಮ್ಮ ಯಂತ್ರದಲ್ಲಿ ತೆರೆದಾಗ ಪೌಂಡ್ ಗುರುತು, ತಲೆಯ ಮೇಲೆ ಗೀಟು ಬಿದ್ದ ಇಂಗ್ಲಿಷ್ ಅಕ್ಷರಗಳು ಸಾಲುಗಟ್ಟಿ ಕಾಣಿಸುತ್ತವೆ. ಫೈಲ್ ಹಾಳಾಗಿಲ್ಲ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳ ಚಿತ್ರ ಇಟ್ಟಿರುತ್ತವೆ, ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷ್ ಹೊರಬೀಳುತ್ತದೆ. ನುಡಿಯ ಜೊತೆಗೆ ಬರುವ ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಕೊಳ್ಳಬಹುದು. ಯುನಿಕೋಡ್ ಕನ್ನಡ ತೋರಿಸಲು ನಿರ್ಮಲಾ ಯುಐ ಫಾಂಟ್ ವಿಂಡೋಸ್‌ನಲ್ಲೇ ಇದೆ. ಕೆಲವು ಪ್ರೆಸ್‌ಗಳಲ್ಲಿ ಇಂದಿಗೂ ಹಳೆಯ ಫಾಂಟಿನ ಫೈಲನ್ನೇ ಕೇಳುತ್ತಾರೆ. ಕೊಡುವ ಮೊದಲು ವಿಚಾರಿಸಿ.

ಹಳೆಯ ನೋಟ್‌ಪ್ಯಾಡಿನಲ್ಲಿ ಕನ್ನಡ ಬರೆದು ಆನ್ಸಿ ಎಂಬ ಬಗೆಯಲ್ಲಿ ಉಳಿಸಿದರೆ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, ಅವು ಮರಳಿ ಬರುವುದಿಲ್ಲ. ಈಗಿನದರಲ್ಲಿ ಯುಟಿಎಫ್-8 ತಾನಾಗಿಯೇ ಇರುತ್ತದೆ.

ಅರ್ಜಿಗೆ ಫೋಟೊ

ಸೈಬರ್ ಸೆಂಟರಿಗೆ ಓಡುವಂತೆ ಮಾಡುವ ಕೆಲಸಗಳಲ್ಲಿ ಇದು ಮುಖ್ಯವಾದದ್ದು. ಕರಾವಳಿಯ ಮನೆಮನೆಯಲ್ಲೂ ಯಾರಾದರೊಬ್ಬರು ಬ್ಯಾಂಕ್ ಪರೀಕ್ಷೆ ಬರೆಯುವವರು ಇರುತ್ತಾರಾದ್ದರಿಂದ ಆ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಅಳತೆಯನ್ನೇ ತೆಗೆದುಕೊಳ್ಳೋಣ: ಫೋಟೊ 200×230 ಪಿಕ್ಸೆಲ್, 20ರಿಂದ 50 ಕೆಬಿ, ಸಹಿ 140×60 ಪಿಕ್ಸೆಲ್, 10ರಿಂದ 20 ಕೆಬಿ. ಮೊಬೈಲಿನ 12 ಮೆಗಾಪಿಕ್ಸೆಲ್ ಫೋಟೊ ಸುಮಾರು 4000×3000 ಪಿಕ್ಸೆಲ್, ತೂಕ ಕೆಲವು ಎಂಬಿ. ಹಾಗೇ ಹಾಕಿದರೆ ಜಾಲತಾಣ ತೆಗೆದುಕೊಳ್ಳುವುದಿಲ್ಲ.

ಫೋಟೊದ ಮೇಲೆ ಬಲ ಕ್ಲಿಕ್, ಓಪನ್ ವಿತ್, ಪೇಂಟ್. ಮೊದಲು ಎಫ್12 ಒತ್ತಿ ಬೇರೆ ಹೆಸರಿನಲ್ಲಿ ಜೆಪೆಗ್ ಆಗಿ ಉಳಿಸಿ. ಇದನ್ನು ಬಿಟ್ಟು ಕೊನೆಗೆ ಕಂಟ್ರೋಲ್ ಎಸ್ ಒತ್ತಿದರೆ ಮೂಲ ಫೋಟೊವೇ ಅಂಚೆಚೀಟಿಯಷ್ಟಾಗಿ ಉಳಿಯುತ್ತದೆ. ಕುಗ್ಗಿದ್ದನ್ನು ಮತ್ತೆ ಹಿಗ್ಗಿಸಿದರೆ ಮಸುಕು ಮಾತ್ರ ಸಿಗುತ್ತದೆ. ಆಮೇಲೆ ಸೆಲೆಕ್ಟ್ ಒತ್ತಿ ಮುಖ ಮತ್ತು ಭುಜದ ಸುತ್ತ ಚೌಕ ಎಳೆಯಿರಿ. ಎಳೆಯುವಾಗ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಚೌಕದ ಅಳತೆ ಕಾಣುತ್ತದೆ. ಅದನ್ನು 1000×1150ರ ಆಸುಪಾಸಿಗೆ ತನ್ನಿ, ಏಕೆಂದರೆ 200ಕ್ಕೆ 230 ಇರುವ ಪ್ರಮಾಣವೇ 1000ಕ್ಕೆ 1150. ನಂತರ ಕ್ರಾಪ್. ಕೊನೆಗೆ ರೀಸೈಜ್, ಪಿಕ್ಸೆಲ್ಸ್, ಮೊದಲ ಖಾನೆಯಲ್ಲಿ 200. ಮೇಂಟೇನ್ ಆಸ್ಪೆಕ್ಟ್ ರೇಶಿಯೊಗೆ ಟಿಕ್ ಇದ್ದರೆ ಎರಡನೆಯದು ತಾನಾಗಿ 230ರ ಹತ್ತಿರ ಬರುತ್ತದೆ. ಒಂದೆರಡು ಪಿಕ್ಸೆಲ್ ವ್ಯತ್ಯಾಸ ಬಂದರೆ ಮಾತ್ರ ಟಿಕ್ ತೆಗೆದು ಸರಿಪಡಿಸಿ. ಕ್ರಾಪ್ ಮಾಡದೆ ಟಿಕ್ ತೆಗೆದು ಎರಡೂ ಸಂಖ್ಯೆ ತುಂಬಿದರೆ ಮುಖ ಹಲಸಿನ ಹಣ್ಣಿನಂತೆ ಉದ್ದಗಲ ಕೆಡುತ್ತದೆ. ರೀಸೈಜ್ ಮೊದಲು, ಕ್ರಾಪ್ ಆಮೇಲೆ ಮಾಡಿದರೂ ಕೆಟ್ಟಿತು: ಮುಖಕ್ಕೆ ಉಳಿಯುವುದು ನಾಲ್ಕಾರು ಚುಕ್ಕೆ.

ಉಳಿಸಿದ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ತೂಕ ನೋಡಿ. ಇಲ್ಲೊಂದು ವಿಚಿತ್ರ: 20 ಕೆಬಿಗಿಂತ ಕಡಿಮೆಯಾದರೂ ಅರ್ಜಿ ಹಿಂದೆ ಬರುತ್ತದೆ, ಪೇಂಟ್‌ನಲ್ಲಿ ಜೆಪೆಗ್‌ನ ಗುಣಮಟ್ಟ ಹೆಚ್ಚಿಸುವ ಗುಂಡಿಯೇ ಇಲ್ಲ. ಆಗ ಮೂಲ ಫೋಟೊವನ್ನು ಮತ್ತೆ ಕ್ರಾಪ್ ಮಾಡಿ, ಕುಗ್ಗಿಸದೆ ಬೇರೆ ಹೆಸರಿನಲ್ಲಿ ಉಳಿಸಿ, ಆ ದೊಡ್ಡ ಚಿತ್ರವನ್ನು ಫೋಟೋಸ್ ಆ್ಯಪ್‌ನಲ್ಲಿ ತೆರೆದು, ಮೂರು ಚುಕ್ಕೆ, ರೀಸೈಜ್ ಇಮೇಜ್‌ಗೆ ಹೋಗಿ. ಅಲ್ಲಿ ಪಿಕ್ಸೆಲ್ ಜೊತೆಗೆ ಗುಣಮಟ್ಟದ ಜಾರುಗೀಟೂ ಉಂಟು, ಹೊಸ ತೂಕ ಎಷ್ಟಾಗುತ್ತದೆ ಎಂದೂ ಅಲ್ಲೇ ತೋರಿಸುತ್ತದೆ. ಪಿಎನ್‌ಜಿ ಆಗಿ ಉಳಿಸಬೇಡಿ. ಫೋಟೊಗಳಿಗೆ ಅದು ತುಂಬಾ ಭಾರ. ಸಹಿಯನ್ನು ಬಿಳಿ ಹಾಳೆಯಲ್ಲಿ ಕಪ್ಪು ಶಾಯಿಯಿಂದ ಮಾಡಿ, ಹಗಲು ಬೆಳಕಿನಲ್ಲಿ ಮೊಬೈಲಿನ ನೆರಳು ಬೀಳದಂತೆ ತೆಗೆದು, ಇದೇ ಕ್ರಮದಲ್ಲಿ ಕುಗ್ಗಿಸಿ.

ಕಾಗದಗಳನ್ನು ಒಂದು ಪಿಡಿಎಫ್ ಮಾಡುವುದು

ಮುದ್ರಣದ ಯಂತ್ರ ಇಲ್ಲದಿದ್ದರೂ ಕಂಟ್ರೋಲ್ ಪಿ ಒತ್ತಿದಾಗ ಪ್ರಿಂಟರ್‌ಗಳ ಪಟ್ಟಿಯಲ್ಲಿ ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್ ಎಂದು ಇರುತ್ತದೆ. ತೆರೆದಿರುವ ಪಹಣಿ, ಮೆಸ್ಕಾಂ ಬಿಲ್ ಪಾವತಿಯ ರಸೀದಿ, ಯಾವುದನ್ನಾದರೂ ಹೀಗೆ ಫೈಲಾಗಿ ಇಟ್ಟುಕೊಳ್ಳಬಹುದು.

ಮೊಬೈಲಿನಲ್ಲಿ ತೆಗೆದ ದಾಖಲೆಗಳ ಫೋಟೊ ಆದರೆ ಅವಕ್ಕೆ ಮೊದಲು 01, 02, 03 ಎಂದು ಹೆಸರಿಡಿ. ಎಲ್ಲವನ್ನೂ ಆರಿಸಿ, 01ರ ಮೇಲೆಯೇ ಬಲ ಕ್ಲಿಕ್ ಮಾಡಿ ಪ್ರಿಂಟ್ ಒತ್ತಿ. ಕೊನೆಯದರ ಮೇಲೆ ಕ್ಲಿಕ್ ಮಾಡಿದರೆ ಅದೇ ಮೊದಲ ಪುಟವಾಗಿ ಕೂರುತ್ತದೆ. ಕಾಗದದ ಅಳತೆ ಲೆಟರ್ ಎಂದಿದ್ದರೆ ಎ4 ಮಾಡಿ. ಕೆಳಗೆ ‘ಫಿಟ್ ಪಿಕ್ಚರ್ ಟು ಫ್ರೇಮ್’ ಎಂಬುದಕ್ಕಿರುವ ಟಿಕ್ ತೆಗೆಯಿರಿ. ಅದು ಚೌಕಟ್ಟು ತುಂಬಿಸಲು ಚಿತ್ರದ ಅಂಚು ಕತ್ತರಿಸುತ್ತದೆ, ದಾಖಲೆಯಲ್ಲಿ ಕತ್ತರಿಯಾಗುವುದು ಹೆಚ್ಚಾಗಿ ಮೊಹರು ಇರುವ ಮೂಲೆಯೇ.

ಪಿಡಿಎಫ್ ಓದಲು ಬೇರೆ ಏನೂ ಬೇಡ, ಎಡ್ಜ್ ಬ್ರೌಸರ್ ಸಾಕು. ಇ-ಆಧಾರ್ ಪಾಸ್‌ವರ್ಡ್ ಕೇಳಿದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ದೊಡ್ಡಕ್ಷರದಲ್ಲಿ, ನಂತರ ಹುಟ್ಟಿದ ವರ್ಷ. ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇರಬೇಕು.

ಉಳಿಸಿದ್ದು ಎಲ್ಲಿ ಹೋಯಿತು?

ಡೌನ್‌ಲೋಡ್ ಮಾಡಿದ್ದು ಡೌನ್‌ಲೋಡ್ಸ್‌ನಲ್ಲಿ. ವಿಂಡೋಸ್ ಕೀ ಮತ್ತು ಇ ಒತ್ತಿದರೆ ಎಡಗಡೆಯಲ್ಲೇ ಕಾಣುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಕತೆ ಬೇರೆ: ಮೈಕ್ರೋಸಾಫ್ಟ್ ಖಾತೆ ಹಾಕಿ ಶುರುಮಾಡಿದ ಯಂತ್ರದಲ್ಲಿ ಇವು ಆ ಕಂಪನಿಯ ಅಂತರ್ಜಾಲ ಉಗ್ರಾಣವಾದ ಒನ್‌ಡ್ರೈವ್‌ಗೆ ಜೋಡಿಸಿಕೊಂಡಿರುವುದು ಸಾಮಾನ್ಯ. ಉಚಿತ ಜಾಗ 5 ಜಿಬಿ. ಮದುವೆಯ ಫೋಟೊಗಳಿಗೇ ಅದು ಮುಗಿದು ಎಚ್ಚರಿಕೆಗಳು ಶುರುವಾಗುತ್ತವೆ. ಆಗ ‘ಜಾಗ ಮಾಡೋಣ’ ಎಂದು ಒನ್‌ಡ್ರೈವ್ ತಾಣದಲ್ಲಿ ಅಳಿಸಿದರೆ ನಿಮ್ಮ ಯಂತ್ರದಿಂದಲೂ ಹೋಗುತ್ತದೆ. ಅದು ಎರಡನೇ ಪ್ರತಿ ಅಲ್ಲ, ಒಂದೇ ಫೈಲಿನ ಎರಡು ಮುಖ. ಅಳಿಸಿದ್ದು 30 ದಿನ ಆ ತಾಣದ ರೀಸೈಕಲ್ ಬಿನ್‌ನಲ್ಲಿರುತ್ತದೆ, ಅಷ್ಟರೊಳಗೆ ಮರಳಿ ತರಬಹುದು. ಫೈಲಿನ ಪಕ್ಕ ಮೋಡದ ಗುರುತು ಇದ್ದರೆ ನೆಟ್ ಇಲ್ಲದಾಗ ತೆರೆಯುವುದಿಲ್ಲ. ಬೇಕಾದವುಗಳ ಮೇಲೆ ಬಲ ಕ್ಲಿಕ್ ಮಾಡಿ ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್ ಎಂದು ಕೊಡಿ.

ರಾತ್ರಿಯಿಡೀ ಯಕ್ಷಗಾನ ರೆಕಾರ್ಡ್ ಮಾಡಿದ ವಿಡಿಯೊವನ್ನು ಪೆನ್‌ಡ್ರೈವ್‌ಗೆ ಹಾಕುವಾಗ, ಜಾಗ ಬೇಕಾದಷ್ಟಿದ್ದರೂ ‘ಫೈಲ್ ತೀರಾ ದೊಡ್ಡದು’ ಎಂದು ಬರುವುದುಂಟು. ಪೆನ್‌ಡ್ರೈವ್ ಫ್ಯಾಟ್32 ಬಗೆಯದಾದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ಅದು ಹಿಡಿಯಲಾರದು. ಒಳಗಿರುವುದನ್ನೆಲ್ಲ ಬೇರೆಡೆ ಇಟ್ಟು, ಬಲ ಕ್ಲಿಕ್, ಫಾರ್ಮ್ಯಾಟ್, ಎಕ್ಸ್‌ಫ್ಯಾಟ್ ಆರಿಸಿ. ಹಳೆಯ ಕೆಲವು ಟಿವಿಗಳು ಎಕ್ಸ್‌ಫ್ಯಾಟ್ ಓದುವುದಿಲ್ಲ ಎಂಬುದು ನೆನಪಿರಲಿ.

ಸಿಡಿಲು, ಕರೆಂಟು, ನೆಟ್ಟು

ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಮಳೆ ಹಿಂದೆ ಸರಿಯುವ ಅಕ್ಟೋಬರ್ ಹೊತ್ತಿಗೆ ಗುಡುಗು ಶುರುವಾದರೆ ಲ್ಯಾಪ್‌ಟಾಪಿನ ಚಾರ್ಜರನ್ನೂ ನೆಟ್ ಕೇಬಲನ್ನೂ ಕಳಚಿಡಿ. ಸ್ವಿಚ್ ಆರಿಸಿದ್ದು ಸಾಲದು. ಡೆಸ್ಕ್‌ಟಾಪ್ ಆದರೆ ಬರೆಯುತ್ತಿದ್ದದ್ದನ್ನು ಆಗಾಗ ಕಂಟ್ರೋಲ್ ಎಸ್ ಒತ್ತಿ ಉಳಿಸಿ. ಈಗಿನ ನೋಟ್‌ಪ್ಯಾಡ್ ಮುಚ್ಚಿದರೂ ಉಳಿಸದ ಬರಹವನ್ನು ಮತ್ತೆ ತೋರಿಸುತ್ತದೆ, ನಿಜ. ಕರೆಂಟ್ ಹಠಾತ್ತಾಗಿ ಹೋದಾಗ ಅದನ್ನೇ ನಂಬಿ ಕೂರಬೇಡಿ. ಇನ್ವರ್ಟರ್ ಇದ್ದೂ ಕಂಪ್ಯೂಟರ್ ಆರಿ ಹೊತ್ತಿಕೊಳ್ಳುತ್ತಿದ್ದರೆ ಇನ್ವರ್ಟರಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ ನೋಡಿ.

ಕೇಬಲ್ ತುಂಡಾಗಿ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ದಿನ ದೂಡುವಾಗ ವಿಂಡೋಸ್ ಅಪ್‌ಡೇಟ್ ಡೇಟಾವನ್ನೆಲ್ಲ ನುಂಗದಂತೆ, ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಆ ವೈಫೈಯ ಪ್ರಾಪರ್ಟೀಸ್ ತೆರೆದು ಮೀಟರ್ಡ್ ಕನೆಕ್ಷನ್ ಆನ್ ಮಾಡಿ.

ಯಂತ್ರ ನಿಧಾನವಾಗಿದೆ, ಪ್ರಿಂಟರ್ ಸಿಗುವುದಿಲ್ಲ ಎಂದಾಗ ಶಟ್ ಡೌನ್ ಮಾಡಿ ಹಚ್ಚುವುದಕ್ಕಿಂತ ರೀಸ್ಟಾರ್ಟ್ ಒಳ್ಳೆಯದು. ಫಾಸ್ಟ್ ಸ್ಟಾರ್ಟಪ್ ಚಾಲ್ತಿಯಲ್ಲಿದ್ದರೆ ಶಟ್ ಡೌನ್ ಮಾಡಿದಾಗ ವಿಂಡೋಸ್‌ನ ಒಂದು ಭಾಗ ಹಾಗೇ ಡಿಸ್ಕಿನಲ್ಲಿ ಉಳಿದು ಮರುದಿನ ಅದೇ ಎದ್ದುಬರುತ್ತದೆ, ತೊಂದರೆಯ ಸಮೇತ.

ಕೈಗೆ ಹತ್ತಿರ ಇರಬೇಕಾದ ಕೀಲಿಗಳು ಕೆಲವೇ. ಪರದೆಯ ಒಂದು ಭಾಗದ ಚಿತ್ರಕ್ಕೆ ವಿಂಡೋಸ್, ಶಿಫ್ಟ್, ಎಸ್. ಮೊದಲು ನಕಲು ಮಾಡಿದ್ದು ಮತ್ತೆ ಬೇಕಾದರೆ ವಿಂಡೋಸ್ ಮತ್ತು ವಿ. ಮೊದಲ ಸಲ ಅದನ್ನು ಆನ್ ಮಾಡಬೇಕು, ಆಮೇಲೆ 25ರವರೆಗೆ ನೆನಪಿಟ್ಟುಕೊಳ್ಳುತ್ತದೆ. ಕನ್ನಡಕ ಸಿಗದಿದ್ದಾಗ ವಿಂಡೋಸ್ ಮತ್ತು ಪ್ಲಸ್ ಒತ್ತಿದರೆ ಅಕ್ಷರ ದೊಡ್ಡದು, ಬಿಡಲು ವಿಂಡೋಸ್ ಮತ್ತು ಎಸ್ಕೇಪ್.

‘ನಿಮ್ಮ ಕಂಪ್ಯೂಟರಿಗೆ ವೈರಸ್, ಈ ನಂಬರಿಗೆ ಕರೆಮಾಡಿ’ ಎಂದು ಪರದೆ ತುಂಬ ಕೆಂಪಾದರೆ ಅದು ಸುಳ್ಳು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಪಟ್ಟಿಯಲ್ಲಿ ಬ್ರೌಸರ್ ಹೆಸರು ಆರಿಸಿ ಎಂಡ್ ಟಾಸ್ಕ್ ಮಾಡಿ. ಮತ್ತೆ ತೆರೆದಾಗ ಹಳೆಯ ಪುಟಗಳನ್ನು ಮರಳಿ ತರಲೇ ಎಂದು ಕೇಳಿದರೆ ಬೇಡವೆನ್ನಿ. ವೈರಸ್ ಕಾವಲಿಗೆ ವಿಂಡೋಸ್ ಸೆಕ್ಯುರಿಟಿ ಒಳಗೇ ಇದೆ, ಮನೆಗೆ ಅದು ಸಾಲುತ್ತದೆ.

ಇಷ್ಟಾಗಿಯೂ ಸಿಕ್ಕಿಬಿದ್ದರೆ, ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಮಗಳಿಗೆ ಪರದೆಯನ್ನೇ ತೋರಿಸಬಹುದು. ಕಂಟ್ರೋಲ್, ವಿಂಡೋಸ್, ಕ್ಯೂ ಒತ್ತಿದರೆ ಕ್ವಿಕ್ ಅಸಿಸ್ಟ್ ತೆರೆಯುತ್ತದೆ. ಮಗಳು ಅತ್ತ ತನ್ನ ಮೈಕ್ರೋಸಾಫ್ಟ್ ಖಾತೆಯಿಂದ ಒಂದು ಕೋಡ್ ಪಡೆದು ಫೋನಿನಲ್ಲಿ ಹೇಳಬೇಕು, ನೀವು ಇತ್ತ ಅದನ್ನು ಹಾಕಿ ಅಲೌ ಒತ್ತಬೇಕು. ಕೋಡ್ 10 ನಿಮಿಷದಲ್ಲಿ ಸತ್ತುಹೋಗುವುದರಿಂದ ಇಬ್ಬರೂ ಕೂತ ಮೇಲೆಯೇ ತೆಗೆಯಲಿ. ಬ್ಯಾಂಕಿನವರು, ಪೊಲೀಸರು ಎಂದು ಹೇಳಿಕೊಂಡು ಕರೆಮಾಡಿ ಇದೇ ಕೋಡ್ ಹಾಕಿಸಲು ನೋಡುವವರಿದ್ದಾರೆ. ಆ ಕರೆ ಅಲ್ಲಿಗೇ ಕಡಿಯಿರಿ.