ಪತ್ತನಾಜೆಯ ಒಳಗೆ ಸೌದೆ ಕೊಟ್ಟಿಗೆ ತುಂಬಿಸುವುದು ಹೇಗೆ

ಹೋದ ವರ್ಷ ಆಟಿ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟ್ ಹೊತ್ತಿನ ತುಳು ತಿಂಗಳಲ್ಲಿ, ನನ್ನ ತಂಗಿಯ ಮಗಳು ಫೋನ್ ಮಾಡಿದಳು. ‘ದೊಡ್ಡಮ್ಮಾ, ಒಲೆ ಹೊತ್ತುವುದೇ ಇಲ್ಲ. ಬರೀ ಹೊಗೆ. ಕುಚ್ಚಲಕ್ಕಿ ಇಟ್ಟು ಎರಡು ಗಂಟೆಯಾಯ್ತು, ಇನ್ನೂ ಬೇಯಲಿಲ್ಲ’ ಅಂದಳು. ಅವಳು ಗಂಡನ ಜೊತೆ ಬೆಂಗಳೂರು ಬಿಟ್ಟು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಹಳೇ ಮನೆಗೆ ಬಂದು ಆಗ ಆರು ತಿಂಗಳಾಗಿತ್ತು. ಸೌದೆ ಎಲ್ಲಿಂದ ತಂದೆ ಅಂತ ಕೇಳಿದೆ. ‘ಗುಡ್ಡೆಯಲ್ಲಿ ಬಿದ್ದಿತ್ತು, ನಿನ್ನೆ ತಂದೆ’ ಅಂದಳು.

ಆಟಿಯ ಮಳೆಯಲ್ಲಿ ನೆನೆದ ಕೊಂಬೆ ಹೇಗೆ ಉರಿಯುತ್ತದೆ ಹೇಳಿ! ಅವಳ ತಪ್ಪಲ್ಲ, ಹೇಳಿಕೊಟ್ಟವರಿಲ್ಲ. ನಾನು ಪೆರ್ಲದ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದಾಗ ನನಗೂ ಗೊತ್ತಿರಲಿಲ್ಲ. ಎಲ್ಲ ಅತ್ತೆ ಕಲಿಸಿದ್ದು. ನಮ್ಮ ಕಡೆ ಸೌದೆಗೆ ದುಡ್ಡು ಕೊಡಬೇಕಾಗಿಲ್ಲ. ಆದರೆ ಒಟ್ಟು ಮಾಡುವುದು ಅರ್ಧ ಕೆಲಸ ಮಾತ್ರ. ಸೀಳಿ, ಒಣಗಿಸಿ, ಮಳೆ ತಾಗದ ಹಾಗೆ ಜೋಡಿಸುವುದೇ ದೊಡ್ಡದು. ಅದಕ್ಕೆ ಆರು ತಿಂಗಳು ಬೇಕು.

ಲೆಕ್ಕ ಹೀಗೆ. ಮಳೆ ಸಾಧಾರಣ ಜೂನ್ 1ರ ಆಸುಪಾಸು ಹಿಡಿಯುತ್ತದೆ. ಪತ್ತನಾಜೆ ಅಂದರೆ ತುಳುವಿನ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಹೊತ್ತಿಗೆ. ಅವತ್ತು ದೈವಗಳ ಕೋಲ, ನೇಮ, ಯಕ್ಷಗಾನದ ಆಟ ಎಲ್ಲ ನಿಲ್ಲುತ್ತವೆ. ನಮ್ಮ ಅತ್ತೆಗೆ ಅದೇ ಸೌದೆಯ ಕೊನೆಯ ದಿನವೂ ಆಗಿತ್ತು. ಪತ್ತನಾಜೆಯ ಮರುದಿನ ಅಂಗಳದಲ್ಲಿ ಒಂದು ಕಡ್ಡಿ ಉಳಿದರೂ ಅವರಿಗೆ ಸಮಾಧಾನ ಇರುತ್ತಿರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಕೊನೆವರೆಗೆ ಹತ್ತಿರ ಹತ್ತಿರ 120 ದಿನ. ನಾಲ್ಕು ಜನರ ಮನೆಗೆ ಅಡುಗೆ ಒಲೆಗೂ ಬಚ್ಚಲಿನ ಹಂಡೆಗೂ ಸೇರಿ ದಿನಕ್ಕೆ ಎರಡು ತೋಳು ತುಂಬ ಸೌದೆ ಬೇಕು. ಅಂದರೆ 240 ತೋಳು. ನಾನು ಕೊಟ್ಟಿಗೆಯನ್ನು ಈಗಲೂ ಹಾಗೆಯೇ ಅಳೆಯುವುದು.

ಶುರು ಮಾಡುವುದು ದೀಪಾವಳಿ ಕಳೆದ ಮೇಲೆ, ಗುಡುಗು ಮಳೆ ನಿಂತಾಗ. ಮೊದಲು ಗುಡ್ಡೆಗೆ ಓಡಬೇಡಿ, ಸ್ವಂತ ತೋಟ ನೋಡಿ. ಒಂದು ತೆಂಗಿನ ಮರ ವರ್ಷಕ್ಕೆ ಹತ್ತಿರ ಹತ್ತಿರ 12 ಮಡಲು, ಅಂದರೆ ದಂಟಿನ ಸಮೇತ ಇಡೀ ಗರಿ, ಉದುರಿಸುತ್ತದೆ. ಇಪ್ಪತ್ತು ಮರ ಇದ್ದರೆ 240 ಮಡಲು ಆಯ್ತು. ಜನ ಇದನ್ನು ಸುಮ್ನೆ ತೋಟದಲ್ಲಿ ಕೊಳೆಯಲು ಬಿಡುತ್ತಾರೆ. ಮಡಲು ಬಿದ್ದ ದಿನವೇ ಗರಿ ಬಿಡಿಸಿ. ಕಡ್ಡಿ ಹಿಡಿಸೂಡಿಗೆ (ಪೊರಕೆಗೆ) ಆಗುತ್ತದೆ, ಗರಿ ಒಲೆ ಹೊತ್ತಿಸಲು. ದಂಟನ್ನು ಮೊಳದುದ್ದಕ್ಕೆ ಕಡಿದು ಬಿಸಿಲಿಗೆ ಹಾಕಿ. ಬುಡದ ಅಗಲದ ಭಾಗ, ನಾವು ಕೊತ್ತಳಿಗೆ ಅನ್ನುವುದು, ಹಂಡೆ ಒಲೆಗೆ ತುಂಬ ಒಳ್ಳೆಯದು. ಆದರೆ ಅದು ಸ್ಪಂಜಿನ ಹಾಗೆ ನೀರು ಹಿಡಿಯುತ್ತದೆ. ಒಮ್ಮೆ ಮಳೆ ತಾಗಿದರೆ ಆ ವರ್ಷಕ್ಕೆ ಅದು ಮುಗಿಯಿತು.

ಗೆರಟೆ, ಅಂದರೆ ತೆಂಗಿನ ಚಿಪ್ಪು, ಒಂದನ್ನೂ ಎಸೆಯಬೇಡಿ. ಅದರ ಶಾಖ ಬೇರೆ ಯಾವುದಕ್ಕೂ ಇಲ್ಲ. ಗೋಣಿಯಲ್ಲಿ ತುಂಬಿ ಅಟ್ಟದಲ್ಲಿಡಿ, ಹಬ್ಬದ ಅಡುಗೆಗೆ ಬೇಕಾಗುತ್ತದೆ. ತೆಂಗಿನ ಸಿಪ್ಪೆ ಮತ್ತು ಅಡಿಕೆ ಸಿಪ್ಪೆ ಹೊತ್ತಿ ಉರಿಯುವುದಿಲ್ಲ, ಒಳಗೊಳಗೆ ನಿಧಾನಕ್ಕೆ ಕೆಂಡವಾಗುತ್ತವೆ. ರಾತ್ರಿ ಹಂಡೆಯ ಬುಡಕ್ಕೆ ಎರಡು ಬುಟ್ಟಿ ಅಡಿಕೆ ಸಿಪ್ಪೆ ಸುರಿದರೆ ಬೆಳಿಗ್ಗೆ ಐದಕ್ಕೂ ನೀರು ಬಿಸಿ ಇರುತ್ತದೆ. ಗಾಳಿಗೆ ಬಿದ್ದ ಅಡಿಕೆ ಮರವನ್ನು ಹಸಿ ಇರುವಾಗಲೇ ಉದ್ದಕ್ಕೆ ಸೀಳಿ, ಒಳಗಿನ ತಿರುಳು ಕೆತ್ತಿ ತೆಗೆಯಿರಿ. ತಿರುಳು ಬಿಟ್ಟರೆ ಒರಲೆ (ಗೆದ್ದಲು) ಬರುವುದೂ ಬೇಗ, ಒಣಗುವುದೂ ನಿಧಾನ.

ಏಪ್ರಿಲ್–ಮೇ ಹೊತ್ತಿಗೆ ಕರೆಂಟು ತಂತಿಗೆ ತಾಗುವ ಕೊಂಬೆಗಳನ್ನು ಕಡಿಯುತ್ತಾರೆ. ರಸ್ತೆ ಬದಿಯಲ್ಲಿ ರಾಶಿ ಬಿದ್ದಿರುತ್ತದೆ. ಅದು ಯಾರ ಹಿತ್ತಲಿನದೋ ಅವರನ್ನು ಒಂದು ಮಾತು ಕೇಳಿ. ಹೆಚ್ಚಿನವರು ‘ಕೊಂಡು ಹೋಗಿ ಅಕ್ಕಾ, ಜಾಗ ಖಾಲಿಯಾಗಲಿ’ ಅನ್ನುತ್ತಾರೆ. ಕೇಳದೆ ಹೊತ್ತರೆ ಮಾತ್ರ ನೆರೆಕರೆ ಹಾಳಾಗುತ್ತದೆ.

ಇನ್ನು ಗುಡ್ಡೆ. ಕತ್ತಿ, ದೋಟಿ (ತುದಿಗೆ ಕೊಕ್ಕೆ ಇರುವ ಉದ್ದ ಕೋಲು), ಹಗ್ಗ, ತಲೆಗೆ ಸಿಂಬೆ, ಒಂದು ಬಾಟಲಿ ನೀರು. ಕಾಲಿಗೆ ಚಪ್ಪಲಿ ಅಲ್ಲ, ಮುಚ್ಚಿದ ಶೂ. ತರಗೆಲೆಯ ಬಣ್ಣವೂ ಕೊಳಕುಮಂಡಲದ ಬಣ್ಣವೂ ಒಂದೇ. ಕೊಂಬೆ ಎತ್ತುವ ಮೊದಲು ದೋಟಿಯಿಂದ ಒಮ್ಮೆ ಹೊರಳಿಸಿ, ಎರಡು ಉಸಿರು ಕಾಯಿರಿ, ಆಮೇಲೆ ಕೈ ಹಾಕಿ. ನಾನು ಮೂವತ್ತು ವರ್ಷದಿಂದ ಇದನ್ನು ಒಂದು ದಿನವೂ ಬಿಟ್ಟಿಲ್ಲ.

ಯಾವುದು ತರಬೇಕು? ಬಗ್ಗಿಸಿದಾಗ ‘ಚಟ್’ ಎಂದು ಮುರಿಯುವುದು. ಬಗ್ಗಿ ನಿಂತರೆ ಹಸಿ, ಬಿಟ್ಟುಬಿಡಿ. ಪುಡಿಯಾದರೆ ಕೊಳೆತದ್ದು, ಅದು ಮಣ್ಣಿಗೆ ಸೇರಲಿ. ಮರದ ಮೇಲೇ ಒಣಗಿ, ಸಿಪ್ಪೆ ಉದುರಿ, ಬೂದಿ ಬಣ್ಣಕ್ಕೆ ತಿರುಗಿದ ಕೊಂಬೆ ಇರುತ್ತದಲ್ಲ, ದೋಟಿಯ ಕೊಕ್ಕೆ ಹಾಕಿ ಎಳೆದರೆ ಕೈಗೆ ಬರುತ್ತದೆ. ಅದು ಚಿನ್ನ. ಆದರೆ ನಿಂತ ಒಣ ಮರದಲ್ಲಿ ಗುಂಡಗಿನ ತೂತು ಕಂಡರೆ ಮುಟ್ಟಬೇಡಿ. ಜನವರಿಯಿಂದ ಮೇವರೆಗೆ ಕುಟ್ರುಹಕ್ಕಿ, ಮರಕುಟಿಗ ಎಲ್ಲ ಅಲ್ಲೇ ಮರಿ ಮಾಡುವುದು.

ಮರ ಗುರುತಿಸಲು ಕಲಿಯಲೇಬೇಕು. ಮತ್ತಿ ಸಿಕ್ಕಿದರೆ ಭಾಗ್ಯ, ಕೆಂಡ ಗಟ್ಟಿ ನಿಲ್ಲುತ್ತದೆ. ಅಕೇಶಿಯಾ ಕೂಡ ಚೆನ್ನಾಗಿ ಉರಿಯುತ್ತದೆ, ಈಗ ಎಲ್ಲ ಕಡೆ ಅದೇ ಇದೆ. ಗೇರಿನ ಕೊಂಬೆ ಜಾಸ್ತಿ ಸಿಗುತ್ತದೆ, ಪೂರ್ತಿ ಒಣಗಿದ ಮೇಲೆ ಪರವಾಗಿಲ್ಲ. ರಬ್ಬರ್ ಬೇಗ ಒಣಗುತ್ತದೆ, ಬೇಗ ಉರಿದು ಹೋಗುತ್ತದೆ. ಇಟ್ಟರೆ ಹುಳ ಹಿಡಿದು ಬಿಳಿ ಪುಡಿ ಉದುರುತ್ತದೆ, ಹಾಗಾಗಿ ಮೊದಲು ಅದನ್ನೇ ಮುಗಿಸಿ. ಹಾಲೆ ಮರ ಹೊರುವ ಶ್ರಮಕ್ಕೂ ಸಾಲದು. ಶ್ರೀಗಂಧ ಒಣಗಿ ಬಿದ್ದಿದ್ದರೂ ಕೈ ಹಾಕಬೇಡಿ, ಅದು ಕೇಸಿನ ವಿಷಯ.

ಎಲ್ಲಕ್ಕಿಂತ ಹೆಚ್ಚು ಭಯ ಇರಬೇಕಾದ್ದು ಚೇರೆ ಮರದ ಬಗ್ಗೆ. ಅದರ ಸೊನೆ ಗಾಳಿಗೆ ಕಪ್ಪಾಗುತ್ತದೆ. ತೊಗಟೆಯಲ್ಲಿ ಟಾರು ಇಳಿದ ಹಾಗೆ ಕಪ್ಪು ಗೆರೆ ಕಂಡರೆ ಹಿಂದೆ ಸರಿಯಿರಿ. ನನಗೆ ಹನ್ನೆರಡು ವರ್ಷ ಇದ್ದಾಗ ಗೊತ್ತಿಲ್ಲದೆ ಹೊರೆಯಲ್ಲಿ ಒಂದು ಚೇರೆಯ ಕೊಂಬೆ ಬಂದಿತ್ತು. ಮರುದಿನ ಬೆಳಿಗ್ಗೆ ಕಣ್ಣು ತೆರೆಯಲು ಆಗಲಿಲ್ಲ. ಮುಖ ಊದಿ, ಕುತ್ತಿಗೆ ತುಂಬ ನೀರುಗುಳ್ಳೆ. ಅಮ್ಮ ತಾರೆ ಮರದ ಹತ್ತಿರ ಕರೆದುಕೊಂಡು ಹೋಗಿ ಸುತ್ತು ಬರಿಸಿದರು. ಚೇರೆ ಮುನಿದರೆ ತಾರೆ ಸಮಾಧಾನ ಮಾಡುತ್ತದೆ ಅಂತ ಅವರ ನಂಬಿಕೆ. ಗುಣವಾಗಲು ಎರಡು ವಾರ ಹಿಡಿಯಿತು. ಸೊನೆ ತಾಗಿದರೆ ತಕ್ಷಣ ಸೋಪು ಹಾಕಿ ತೊಳೆಯಿರಿ, ಊದಿಕೊಂಡರೆ ಡಾಕ್ಟರ ಹತ್ತಿರ ಹೋಗಿ. ಒಲೆಗಂತೂ ಅದನ್ನು ಹಾಕಲೇಬಾರದು, ಹೊಗೆಯೂ ಸುಡುತ್ತದೆ.

ಮುಳಿಯಾರು, ಕಾರಡ್ಕ ಕಡೆಯವರಿಗೆ ಒಂದು ಮಾತು. ಅಲ್ಲಿ ರಿಸರ್ವ್ ಫಾರೆಸ್ಟ್ ಇದೆ, ಆನೆಯೂ ಬರುತ್ತದೆ. ಕೇಳದೆ ಒಳಗೆ ಹೋಗಬೇಡಿ, ಒಬ್ಬರೇ ಹೋಗಬೇಡಿ. ಗರಗಸ ಹಿಡಿದು ಹೋದರೆ ಸೌದೆಗೆ ಬಂದದ್ದು ಅಂತ ಯಾರೂ ನಂಬುವುದಿಲ್ಲ.

ಗುಡ್ಡೆಯ ವಿಷಯ ಬಂದಾಗ ಬೇಟೆಯ ಮಾತು ಬಿಡಲು ಆಗುವುದಿಲ್ಲ. ತುಳುವಿನಲ್ಲಿ ಬೋಂಟೆ. ನನ್ನ ಅಜ್ಜನ ಕಾಲದಲ್ಲಿ ಕೆಡ್ಡಸಕ್ಕೆ ಊರ ಗಂಡಸರೆಲ್ಲ ಬೋಂಟೆಗೆ ಹೊರಡುತ್ತಿದ್ದರು. ಕೆಡ್ಡಸ ಅಂದರೆ ಫೆಬ್ರವರಿಯಲ್ಲಿ ಬರುವ ಮೂರು ದಿನ, ಭೂಮಿತಾಯಿ ಮುಟ್ಟಾಗುವ ದಿನಗಳು. ಆಗ ನೆಲ ಅಗೆಯಬಾರದು, ಹಸಿ ಕಡಿಯಬಾರದು, ಒಣಗಿದ್ದು ಮುರಿಯಲೂ ಬಾರದು. ಆ ಮೂರು ದಿನದ ಸೌದೆ ಮೊದಲೇ ಒಳಗೆ ಬಂದಿರಬೇಕು. ನಮ್ಮ ಮನೆಯಲ್ಲಿ ಇವತ್ತಿಗೂ ಕೆಡ್ಡಸಕ್ಕೆ ಕತ್ತಿ ಗೋಡೆಯಲ್ಲೇ ಇರುತ್ತದೆ. ಬೋಂಟೆ ಮಾತ್ರ ನಿಂತಿತು, ನಿಲ್ಲಬೇಕಾದದ್ದೇ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕಾಡುಪ್ರಾಣಿ ಬೇಟೆ ಅಪರಾಧ.

ಹಂದಿಯ ಕಾಟ ಸುಳ್ಳಲ್ಲ. ಮರಗೆಣಸು, ಸುವರ್ಣಗೆಡ್ಡೆ, ಎಳೆ ತೆಂಗಿನ ಸಸಿ, ಒಂದು ರಾತ್ರಿಯಲ್ಲಿ ಎಲ್ಲ ಉತ್ತು ಹಾಕುತ್ತವೆ. ಅದಕ್ಕೆ ದಾರಿ ಇದೆ. 2022ರಲ್ಲಿ ಕೇರಳದಲ್ಲಿ ಬೆಳೆಗೂ ಜೀವಕ್ಕೂ ತೊಂದರೆ ಕೊಡುವ ಹಂದಿಯನ್ನು ಕೊಲ್ಲಲು ಅಪ್ಪಣೆ ಕೊಡುವ ಅಧಿಕಾರ ಪಂಚಾಯತ್ ಅಧ್ಯಕ್ಷರಿಗೆ ಸಿಕ್ಕಿತು. ಪಂಚಾಯತಿಗೆ ಅರ್ಜಿ ಕೊಡಿ. ಲೈಸೆನ್ಸ್ ಬಂದೂಕು ಇರುವವರೇ ಬಂದು ಹೊಡೆಯಬೇಕು. ಹೊಡೆದ ಹಂದಿಯನ್ನು ಹೂಳಬೇಕು, ಮಾಂಸ ಮಾಡುವ ಹಾಗಿಲ್ಲ. ವಿಷ, ಕರೆಂಟು, ಸಿಡಿಮದ್ದು ಯಾವುದಕ್ಕೂ ಅನುಮತಿ ಇಲ್ಲ.

ಇದನ್ನು ಸೌದೆಯ ಮಾತಿನಲ್ಲಿ ಯಾಕೆ ತಂದೆ ಅಂದರೆ, ಗುಡ್ಡೆಯಲ್ಲಿ ನಡೆಯುವವರು ನಾವು. ಮೂರು ವರ್ಷದ ಹಿಂದೆ ನಮ್ಮ ನಾಯಿ ನನ್ನ ಮುಂದೆ ಓಡುತ್ತಿದ್ದದ್ದು ಒಮ್ಮೆಲೇ ಕಿರುಚಿತು. ಪೊದೆಯ ಬುಡಕ್ಕೆ ಬೈಕಿನ ಬ್ರೇಕ್ ಕೇಬಲಿನ ಉರುಳು ಕಟ್ಟಿದ್ದರು. ಸೊಂಟಕ್ಕೆ ಬಿಗಿದಿತ್ತು. ಎಳೆದಷ್ಟೂ ಒಳಗೆ ಇಳಿಯುತ್ತಿತ್ತು. ನಾನು ಅದರ ಮೇಲೆ ಸೆರಗು ಹಾಕಿ, ಅಮುಕಿ ಹಿಡಿದು, ಕೇಬಲನ್ನು ಹಿಂದಕ್ಕೆ ತಳ್ಳಿ ಸಡಿಲ ಮಾಡಿದೆ. ಬದುಕಿತು. ಗಾಯದ ಗುರುತು ಈಗಲೂ ಇದೆ, ಅಲ್ಲಿ ಕೂದಲು ಬರಲಿಲ್ಲ. ಅಂಥ ಉರುಳು ಕಂಡರೆ ಫೋಟೊ ತೆಗೆದು ಫಾರೆಸ್ಟಿನವರಿಗೆ ತಿಳಿಸಿ. ಬಟ್ಟೆಯಲ್ಲಿ, ಹಿಟ್ಟಿನಲ್ಲಿ ಸುತ್ತಿದ ಉಂಡೆಯಂಥದ್ದು ನೆಲದಲ್ಲಿ ಕಂಡರೆ ಅದು ಹಂದಿಗೆ ಇಟ್ಟ ಸಿಡಿಮದ್ದು ಇರಬಹುದು. ಕಾಲಲ್ಲೂ ತಾಗಿಸಬೇಡಿ. ಮಕ್ಕಳಿಗೆ ಇದನ್ನು ಮೊದಲು ಹೇಳಿಕೊಡಿ.

ಮನೆಗೆ ತಂದ ಮೇಲೆ ಸೀಳುವುದು. ದಪ್ಪದ್ದು ಒಣಗಲಿ, ಆಮೇಲೆ ಸೀಳೋಣ ಅಂತ ಇಡಬೇಡಿ. ಸೀಳದ ದಿಮ್ಮಿ ಹೊರಗೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಹಸಿ. ಅಡುಗೆ ಒಲೆಗೆ ಮಣಿಕಟ್ಟಿನಷ್ಟು ದಪ್ಪ, ಹಂಡೆಗೆ ಮೀನಖಂಡದಷ್ಟು. ಕೆಳಗೆ ಒಂದು ಗಟ್ಟಿ ಕೊರಡು ಇಡಿ. ತುದಿಯಲ್ಲಿ ಬಿರುಕು ಎಲ್ಲಿದೆ ನೋಡಿ, ಕೊಡಲಿ ಅಲ್ಲಿಗೇ ಬೀಳಲಿ. ಗಂಟಿನ ಮೇಲೆ ಹೊಡೆದರೆ ಕೊಡಲಿ ಹಾರುತ್ತದೆ. ಗಂಟು ಇರುವುದನ್ನು ಸೀಳದೆ ಹಂಡೆ ಒಲೆಗೆ ಮೀಸಲಿಡಿ.

ಅಂಗಳದಲ್ಲಿ ಎರಡು ತಿಂಗಳು ಬಿಸಿಲು ತಿನ್ನಲಿ. ರಾಶಿ ಹಾಕಬೇಡಿ. ಒಂದು ಸಾಲು ಉದ್ದಕ್ಕೆ, ಮೇಲಿನದು ಅಡ್ಡಕ್ಕೆ, ಗಾಳಿ ಆಡುವ ಹಾಗೆ ಇಡಿ. ಒಣಗಿತೋ ಇಲ್ಲವೋ ನೋಡಲು ಎರಡು ತುಂಡು ತಗೊಂಡು ಒಂದಕ್ಕೊಂದು ಬಡಿಯಿರಿ. ‘ಟಣ್’ ಅಂದರೆ ಆಯ್ತು, ‘ದೊಪ್’ ಅಂದರೆ ಇನ್ನೂ ಇದೆ. ನಮ್ಮ ಅತ್ತೆ ಬಡಿಯುತ್ತಿರಲಿಲ್ಲ. ಸೀಳಿದ ಮುಖವನ್ನು ತಮ್ಮ ಕೆನ್ನೆಗೆ ಒತ್ತಿ ಹಿಡಿಯುತ್ತಿದ್ದರು, ಮಗುವಿಗೆ ಜ್ವರ ನೋಡಿದ ಹಾಗೆ. ತಣ್ಣಗೆ ತಾಗಿದರೆ ಒಳಗೆ ನೀರಿದೆ. ನಾನೂ ಈಗ ಹಾಗೇ ನೋಡುವುದು. ಒಮ್ಮೆಯೂ ತಪ್ಪಿಲ್ಲ.

ಕೊಟ್ಟಿಗೆಯಲ್ಲಿ ಕೆಳಗೆ ಕೆಂಪುಕಲ್ಲು ಸಾಲಾಗಿ ಇಟ್ಟು, ಅದರ ಮೇಲೆ ಸೀಳಿದ ಅಡಿಕೆ ಮರದ ಸಲಾಕೆ ಹಾಸಿ. ಸೌದೆ ನೆಲಕ್ಕೆ ತಾಗಿದರೆ ಒರಲೆ ಹತ್ತುತ್ತದೆ. ಗೋಡೆಯಿಂದ ಒಂದು ಗೇಣು ದೂರ ಇರಲಿ. ಟಾರ್ಪಾಲು ಮೇಲೆ ಮಾತ್ರ ಹೊದೆಸಿ, ಸುತ್ತಲೂ ಮುಚ್ಚಿದರೆ ಒಳಗೆ ಬೆವತು ಬೂಷ್ಟು ಹಿಡಿಯುತ್ತದೆ. ಈ ತಪ್ಪನ್ನು ನಾನೇ ಒಂದು ವರ್ಷ ಮಾಡಿ ಅರ್ಧ ಸೌದೆ ಹಾಳು ಮಾಡಿದ್ದೆ. ಜೂನ್‌ಗೆ ಬೇಕಾದದ್ದು ಎದುರಿಗೆ, ಆಟಿಗೆ ಬೇಕಾದ ಗಟ್ಟಿ ಮರ ಹಿಂದೆ. ಆಟಿಯಲ್ಲಿ ಬಿಸಿಲೇ ಇರುವುದಿಲ್ಲ, ಆಗ ಒಳ್ಳೆಯದೇ ಬೇಕು. ಕೊಟ್ಟಿಗೆಯಿಂದ ತೆಗೆಯುವಾಗ ಯಾವಾಗಲೂ ಮೇಲಿನಿಂದ ತೆಗೆಯಿರಿ, ಚೇಳಿನ ಮೇಲೆ ಕಣ್ಣಿರಲಿ.

ಮಳೆಗಾಲದಲ್ಲಿ ನಾಳೆಯ ಸೌದೆಯನ್ನು ಇವತ್ತು ರಾತ್ರಿಯೇ ಒಲೆಯ ಬದಿಗೆ ತಂದಿಡಿ, ಬೆಂಕಿ ಆರಿಸಿದ ಮೇಲೆ. ಆ ಬೆಚ್ಚಗೆ ಸಾಕು. ಬೆಳಿಗ್ಗೆ ಎರಡು ಗರಿ, ಒಂದು ಹಿಡಿ ಪುರಲೆ, ಅದರ ಮೇಲೆ ಸಣ್ಣ ಸೀಳು. ದೊಡ್ಡದು ಕೊನೆಗೆ. ಗ್ಯಾಸ್ ನಮ್ಮಲ್ಲೂ ಇದೆ. ಚಹಾಕ್ಕೂ ಒಗ್ಗರಣೆಗೂ ಅದೇ. ಆದರೆ ಕುಚ್ಚಲಕ್ಕಿಗೆ, ಹಂಡೆ ನೀರಿಗೆ, ಹಸುವಿನ ಹಿಂಡಿ ಬೇಯಿಸಲು ಸಿಲಿಂಡರ್ ಸುಟ್ಟರೆ ತಿಂಗಳಿಗೆ ಒಂದು ಸಾಕಾಗುವುದಿಲ್ಲ. ಹೊಗೆ ಹೋಗಲು ಚಿಮಣಿ ಮಾತ್ರ ಮಾಡಿಸಿ. ಅತ್ತೆಯ ಕಣ್ಣು ಕೊನೆಯ ವರ್ಷಗಳಲ್ಲಿ ಯಾವಾಗಲೂ ಕೆಂಪಾಗಿಯೇ ಇರುತ್ತಿತ್ತು, ಆಗ ನಮ್ಮ ಒಲೆಗೆ ಚಿಮಣಿ ಇರಲಿಲ್ಲ.

ಬೂದಿ ಪೂರ್ತಿ ತಣ್ಣಗಾದ ಮೇಲೆ ಹಳೆ ಬಕೆಟ್ಟಿಗೆ ತುಂಬಿ. ಬಾಳೆಯ ಬುಡಕ್ಕೆ, ತೆಂಗಿನ ಬುಡಕ್ಕೆ ಹಾಕಿ. ತಂಗಿಯ ಮಗಳು ಈ ವರ್ಷ ದೀಪಾವಳಿಯ ಮರುವಾರವೇ ಶುರು ಮಾಡಿದ್ದಾಳೆ. ನಿನ್ನೆ ಫೋಟೊ ಕಳಿಸಿದ್ದಳು, ಅಂಗಳದಲ್ಲಿ ಅಡ್ಡಕ್ಕೂ ಉದ್ದಕ್ಕೂ ಜೋಡಿಸಿದ ಮಡಲ ದಂಟು. ‘ಎಷ್ಟು ತೋಳು ಆಯ್ತು?’ ಅಂತ ಕೇಳಿದೆ. ‘ಮೂವತ್ತೆಂಟು ದೊಡ್ಡಮ್ಮಾ’ ಅಂದಳು.